ದೆವ್ವಕ್ಕೊಂದು ಫೋಟೋ

ದೆವ್ವದ ಪಾತ್ರ ಮಾಡುವ ಸೃಷ್ಟಿ ಎಲ್ಲದಕ್ಕೂ ಒಪ್ಪಿದ್ದಳು. ಬಿಳಿ ಸೀರೆ ಉಟ್ಟು, ಮುಖದ ಮೇಲೆ ಕೂದಲು ಇಳಿಬಿಟ್ಟುಕೊಂಡು, ಖಾಸಬಾಗದ ಆ ಹಳೇ ಮನೆಯ ಅಟ್ಟದಿಂದ ಎರಡು ದಿನ ತಲೆಕೆಳಗಾಗಿ ನೇತಾಡಿದ್ದಳು. ಆದರೆ ಗೋಡೆಗೆ ತೂಗುಹಾಕಿ ಮಾಲೆ ಹಾಕಲು ಅವಳದೊಂದು ಫೋಟೋ ಬೇಕೆಂದಾಗ ಮಾತ್ರ ಕೈಯಲ್ಲಿದ್ದ ಚಹಾ ಕೆಳಗಿಟ್ಟಳು.

"ಸತ್ತಾಂಗ ಎಷ್ಟ ಸಲ ಬೇಕಾದ್ರೂ ಮಾಡ್ತೀನ್ರಿ ಸರ್. ಫೋಟೋಕ್ಕ ಮಾಲಿ ಬ್ಯಾಡ. ನಮ್ಮ ಮಮ್ಮಿ ನೋಡಿದ್ರ ಮನಿ ಒಳಗ ಕರಕೊಳ್ಳೂದಿಲ್ಲ."

ನಿರ್ದೇಶಕ ಓಂಕಾರ, ಶೂಟಿಂಗಿನ ಸಾಮಾನು ನೋಡಿಕೊಳ್ಳುವ ದಾನೇಶ್ವರಿಯ ಕಡೆ ತಿರುಗಿದ. "ದಾನಕ್ಕ, ಯಾರದಾದ್ರೂ ಒಂದು ಫೋಟೋ ತರ್ರಿ. ದೆವ್ವದ ಮಾರಿ ಹೆಂಗೂ ಕೂದಲದಾಗ ಮುಚ್ಚಿರ್ತೈತಿ, ಯಾರದಿದ್ರೂ ನಡೀತೈತಿ. ಇದೊಂದು ಶಾಟ್ ಆತಂದ್ರ ನಿಮಗ ಸೂಟಿ."

ದಾನೇಶ್ವರಿಗೆ ಸೂಟಿ ಬೇಕೇ ಬೇಕಿತ್ತು. ನಾಲ್ಕು ಗಂಟೆಗೆ ಅವಳನ್ನು ನೋಡಲು ಖಾನಾಪುರದಿಂದ ಗಂಡಿನ ಕಡೆಯವರು ಬರುವವರಿದ್ದರು. ಹನ್ನೆರಡನೆಯವರು. ದಾನೇಶ್ವರಿ ಓಣಿಯ ನಾಲ್ಕು ಮನೆ ತಿರುಗಿದಳು. ಒಬ್ಬಾಕೆ ವಿಷಯ ಕೇಳಿದ್ದೇ ಬಾಗಿಲು ಹಾಕಿಕೊಂಡಳು. ಇನ್ನೊಬ್ಬಾಕೆ, "ನಮ್ಮ ಅತ್ತೀದು ಐತಿ, ಆದ್ರ ಆಕಿ ಇನ್ನೂ ಅದಾಳ," ಎಂದು ಸ್ವಲ್ಪ ಹೊತ್ತು ಯೋಚಿಸಿ, ಆಮೇಲೆ ಬೇಡವೆಂದಳು.

ಬೆಳಿಗ್ಗೆ ಆರರಿಂದ ನಿಂತ ಕಾಲುಗಳು ಸೋತಿದ್ದವು. ಕಟ್ಟೆಯ ಮೇಲೆ ಕುಳಿತು ನೀರಿನ ಬಾಟಲಿಗೆಂದು ಬ್ಯಾಗಿನಲ್ಲಿ ಕೈ ಹಾಕಿದಾಗ ಕಂದು ಲಕೋಟೆ ಸಿಕ್ಕಿತು. ಹನ್ನೊಂದನೆಯ ಮನೆಯಿಂದ ವಾಪಸು ಬಂದ ಅವಳದೇ ಫೋಟೋ. ಹಿರಿಯರು ಮೊಬೈಲಿನಲ್ಲಿ ನೋಡುವುದಿಲ್ಲ, ಕಾಗದದ ಮೇಲೆಯೇ ಇರಲಿ ಎಂದು ಸಂಬಂಧ ತರುವ ಗುರುಪುತ್ರಪ್ಪ ಹೇಳಿದ್ದಕ್ಕೆ ಸ್ಟುಡಿಯೋದಲ್ಲಿ ತೆಗೆಸಿದ್ದು. ಹಸಿರು ಇಳಕಲ್ ಸೀರೆ, ಮಡಿಲಲ್ಲಿ ಕೈ, ತಗ್ಗಿಸಿದ ಕಣ್ಣು. ಯಾವುದೋ ಮನೆಯಲ್ಲಿ ಅದರ ಮೂಲೆಗೆ ಎಣ್ಣೆ ಹತ್ತಿತ್ತು. ಶೂಟಿಂಗಿಗೆ ತಂದಿದ್ದ ಚೌಕಟ್ಟಿನೊಳಗೆ ಸೇರಿಸಿದಾಗ ಆ ಕಲೆ ಕಾಣಲಿಲ್ಲ.

"ನಿಮ್ದಾ?" ಓಂಕಾರ ಒಮ್ಮೆ ಫೋಟೋ, ಒಮ್ಮೆ ಅವಳನ್ನು ನೋಡಿದ. "ನಡೀತೈತೇನ್ರಿ?"

"ನಡೀತೈತಿ."

ಗೋಡೆಯ ಮೇಲೆ ಫೋಟೋ ಏರಿತು. ಸೇವಂತಿಗೆ ಮಾಲೆ ಬಿತ್ತು, ಗಾಜಿನ ಮೇಲೆ ಕುಂಕುಮದ ಬೊಟ್ಟು, ಮುಂದೆ ದೀಪ. ಆ ಮುಖಕ್ಕೆ ಬೆಳಕು ಹೊಂದಿಸುತ್ತ ಓಂಕಾರ ಹತ್ತಿರ ಹೋದ, ಹಿಂದೆ ಬಂದ, ಮತ್ತೆ ಹತ್ತಿರ ಹೋದ. "ಕಣ್ಣಾಗ ಏನೋ ಐತಿ ನೋಡ್ರಿ," ಎಂದ. "ಭಾಳ ದಿನದಿಂದ ಯಾರಿಗೋ ಕಾಯ್ಕೋತ ಕುಂತಾಂಗ." ಅರ್ಧ ತಾಸಾಯಿತು. ಹನ್ನೊಂದು ಮನೆಗಳಲ್ಲಿ ಯಾರೂ ಅದನ್ನು ಇಷ್ಟು ಹೊತ್ತು ನೋಡಿರಲಾರರು ಎಂದುಕೊಂಡಳು ದಾನೇಶ್ವರಿ.

ಮೂರು ಗಂಟೆಯಾದರೂ ಮಗಳು ಬರಲಿಲ್ಲವೆಂದು ತಾಯಿ ನಿಂಗವ್ವ ವಡಗಾವಿಯಿಂದ ಆಟೋ ಹಿಡಿದು ಬಂದಳು. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವಳು ಗೋಡೆ ನೋಡಿ ಬಾಗಿಲಲ್ಲೇ ನಿಂತಳು.

"ಎಂಥಾ ಸುಡಗಾಡ ಮಂದೀರಿ ನೀವು! ಬಾಳಿ ಬದುಕೂ ಹುಡುಗಿಗೆ ಮಾಲಿ ಹಾಕ್ತೀರಿ?"

"ಸಿನಿಮಾ ರೀ ಯವ್ವಾ ಇದು," ಎಂದ ಓಂಕಾರ.

"ಸಿನಿಮಾ ಇದ್ರ ನಿಮ್ಮವ್ವನ ಫೋಟೋ ಹಾಕಬೇಕಿತ್ತು."

"ಕೇಳಿದ್ದೆ ರೀ. ಲಟ್ಟಣಿಗಿ ತಗೊಂಡು ಬೆನ್ನ ಹತ್ತಿದ್ಲು."

ಕೂದಲಿನ ಹಿಂದೆ ಸೃಷ್ಟಿ ನಕ್ಕಳು. ನಿಂಗವ್ವ ಮಗಳ ಕಡೆ ತಿರುಗಿದಳು. "ಬ್ಯಾಡ ಅನ್ನಾಕ ನಿನಗ ಬಾಯಿಲ್ಲೇನ? ಯಾರು ಕೊಟ್ರು ಇವರಿಗೆ?"

"ನಾನ ಕೊಟ್ಟೆ ಅವ್ವಾ."

"ಮಾಲಿ ಬಿದ್ದ ಫೋಟೋನ ಇನ್ನ ಯಾರ ಮನಿಗೆ ಕಳಸ್ಲಿ ನಾನು?"

"ಕಳಸಬ್ಯಾಡ."

"ಹೋಗ್ಲಿ, ಮನಿಗೆ ನಡಿ. ಮಾರಿ ತೊಳಕೊಂಡು ಸೀರಿ ಉಟ್ಕೊ. ಅವರು ಬರೂ ಹೊತ್ತಾತು."

ದಾನೇಶ್ವರಿ ಸಾಮಾನಿನ ಪೆಟ್ಟಿಗೆಯ ಮೇಲೆ ಕುಳಿತಿದ್ದಳು. ಏಳಲಿಲ್ಲ. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಅಲ್ಲಿ ಬಂದು ಕುಂತ್ರೂ ಆ ಫೋಟೋದಾಗ ಕುಂತಾಂಗ ಕುಂದರ್ತೀನವ್ವಾ. ಮಾಲಿ ಒಂದ ಇರೂದಿಲ್ಲ."

ನಿಂಗವ್ವ ಫೋಟೋ ಕಡೆ ನೋಡಿದಳು. ಆ ಸೀರೆಯ ನೆರಿಗೆ ಹಿಡಿದವಳು ಅವಳೇ. ಸ್ಟುಡಿಯೋದಲ್ಲಿ ಬಾಜೂಕ್ಕೆ ನಿಂತು, ಕಣ್ಣು ತಗ್ಗಿಸು, ಇನ್ನೊಂದೀಟು, ಇನ್ನೊಂದೀಟು ಎಂದವಳೂ ಅವಳೇ. ಗೋಡೆಯ ಹತ್ತಿರ ಹೋಗಿ, ದೀಪದ ಬೆಳಕಿನಲ್ಲಿ ಆ ಕಣ್ಣುಗಳನ್ನು ಅವಳು ನೋಡುತ್ತ ನಿಂತಳು.

ಸೆರಗಿನ ಗಂಟಿನಲ್ಲಿದ್ದ ಫೋನು ಬಡಿದುಕೊಂಡಿತು. ಗುರುಪುತ್ರಪ್ಪ. ಖಾನಾಪುರದವರು ಗಾಡಿ ಹತ್ತುತ್ತಿದ್ದಾರೆ, ಮನೆಯಲ್ಲಿ ಎಲ್ಲ ತಯಾರಿ ಆಗಿದೆಯೇ ಎಂದು ಅವನು ಕೇಳುತ್ತಿದ್ದುದು ಸುತ್ತ ನಿಂತವರಿಗೂ ಕೇಳಿಸಿತು.

"ಬ್ಯಾಡ್ರಿ ಅಣ್ಣಾರ," ಎಂದಳು ನಿಂಗವ್ವ. "ಅವರಿಗೆ ಬರಬ್ಯಾಡಂತ ಹೇಳ್ರಿ. ನಮ್ಮನ್ಯಾಗ ಸೂತಕ ಐತಿ."

ಯಾರು ಹೋದರೆಂದು ಆ ಕಡೆಯ ದನಿ ಕೇಳಿತು.

"ದೂರದಾಕಿ ಬಿಡ್ರಿ," ಎಂದು, ಇನ್ನೊಂದು ಕೈಯಿಂದ ಅವಳು ಓರೆಯಾಗಿದ್ದ ಮಾಲೆಯನ್ನು ನೆಟ್ಟಗೆ ಮಾಡಿದಳು.