ಒಂದು ಗೇಣು

ಕೆರಿಬಿಯನ್ ದ್ವೀಪವೊಂದರಿಂದ ಒಂದೇ ಹಡಗಿನಲ್ಲಿ ಲಂಡನ್ನಿಗೆ ಬಂದ ಕಪ್ಪು ನಟಿಯರು ಅವರಿಬ್ಬರು. ನಾಟಕವಿರಲಿ, ಸಿನಿಮಾವಿರಲಿ, ಇಬ್ಬರಿಗೂ ಸಿಕ್ಕಿದ್ದು ಮನೆಗೆಲಸದವಳ ಪಾತ್ರವೇ. ಒಬ್ಬಳ ಅಭಿನಯಕ್ಕೆ ಪತ್ರಿಕೆಗಳು ಇನ್ನೊಬ್ಬಳನ್ನು ಹೊಗಳಿದಾಗಲೆಲ್ಲ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು.

ಅವರಲ್ಲೊಬ್ಬಳು, ಯೂಲಾಲಿ, ಕಣ್ಣುಮುಚ್ಚಿದ ದಿನ ಇನ್ನೊಬ್ಬಳು ಆಸ್ಪತ್ರೆಯಿಂದ ಬಂದು ಟೀವಿ ಹಾಕಿದಳು. ಗೆಳತಿಯ ಸಾವಿನ ಸುದ್ದಿಯೇ ಬರುತ್ತಿತ್ತು. ಫೋಟೋ ಮಾತ್ರ ಇವಳದು. ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ.

ಯೂಲಾಲಿಯ ನಾಟಕದ ನಿರ್ದೇಶಕ ಫೋನು ಮಾಡಿದ.

"ನಾಳೆಯಿಂದ ಅವರ ಪಾತ್ರ ನೀವೇ ಮಾಡ್ಬೇಕು ಮೇಡಂ. ಬಟ್ಟೆ ಹೇಗೂ ಅವರದೇ ಇದೆಯಲ್ಲ."

"ಅದು ನನಗಾಗೋದಿಲ್ಲ. ಅವಳು ನನಗಿಂತ ಒಂದು ಗೇಣು ಎತ್ತರ ಇದ್ಲು."

"ಹೌದಾ?" ಎಂದ, ಇಬ್ಬರಿಂದಲೂ ಇಪ್ಪತ್ತು ವರ್ಷ ನಾಟಕ ಮಾಡಿಸಿದವನು.