ಬಾಳೆ ಎಲೆಯ ಮೇಲೆ ಗೇರ್‌ಬಾಕ್ಸ್

ಸೀಮೆಎಣ್ಣೆಯ ವಾಸನೆ ಬಂದರೆ ನನಗೆ ಇವತ್ತಿಗೂ ಊಟದ ಎಲೆ ನೆನಪಾಗುತ್ತದೆ.

“ಈ ಅರಚೋ ಕಾರಲ್ಲಿ ಬಸುರಿ ಸೊಸೆನ ಶಿರಸಿ ಆಸ್ಪತ್ರೆಗೆ ಕಳಸ್ತಿಲ್ಲೆ” ಎಂದು ಅಜ್ಜಿ ಹಟ ಹಿಡಿದಿದ್ದಳು. ಅಪ್ಪ ಆ ಹಳೇ ಕಾರಿನ ಗೇರ್‌ಬಾಕ್ಸ್ ಬಿಚ್ಚಿ, ಸವೆದ ಬೇರಿಂಗ್ ಬದಲಿಸಲು ಅಂಗಳದಲ್ಲಿ ಕೂತ. ಕಳಚಿದ್ದನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಉಪ್ಪಿನ ಜಾಗದಿಂದ ಶುರುಮಾಡಿ, ಊಟ ಬಡಿಸುವ ಕ್ರಮದಲ್ಲೇ ಬಾಳೆ ಎಲೆಯ ಮೇಲೆ ಜೋಡಿಸಿದ. ಮತ್ತೆ ಕೂಡಿಸುವಾಗ ತೆಳ್ಳಗಿನ ವಾಷರೊಂದು ಎಲೆಯಿಂದ ಜಾರಿತು. ಅದನ್ನು ಎತ್ತಿಕೊಂಡ ಅಪ್ಪನಿಗೆ ಅದರ ಜಾಗವೇ ಮರೆತುಹೋಗಿತ್ತು.

ಜಗುಲಿಯಲ್ಲಿ ಮುಖ ತಿರುಗಿಸಿ ಕೂತಿದ್ದ ಅಜ್ಜಿ, “ತಮಾ, ಅದು ಪಲ್ಯಕ್ಕೂ ಕೋಸಂಬರಿಗೂ ನಡುವೆ ಇದ್ದಿತ್ತು” ಎಂದು ಮಗನಿಗೆ ಹೇಳಿದಳು.

ಹೆರಿಗೆಯಾಗಿ ಎಲ್ಲರೂ ಅದೇ ಕಾರಿನಲ್ಲಿ ಮನೆಗೆ ಬಂದ ದಿನ ನಾನು ಓಡಿಹೋಗಿ ಕಾರಿನೊಳಗೆ ಇಣುಕಿದೆ. ಅಜ್ಜಿಯ ಮಡಿಲಲ್ಲಿ ಪುಟ್ಟ ತಮ್ಮನಿಗೆ ಗಾಢ ನಿದ್ದೆ.

“ಶಿರಸಿಂದ ಇಲ್ಲಿವರೆಗೂ ಎಚ್ಚರ ಆಯ್ದಿಲ್ಲೆ” ಎಂದು ಅಜ್ಜಿ ಪಿಸುಗುಟ್ಟಿದಳು.