ಮೂರನೆಯ ತೂತು

ಎಕ್ಸ್-ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದ ಡಾಕ್ಟರ್ ಗೌರೀಶ ತಟ್ಟನೆ ಅದರ ಮೇಲೆ ಹೆಬ್ಬೆರಳಿಟ್ಟ. ಎರಡು ತಿಂಗಳ ಹಿಂದೆ ಕೆರಿಯಮ್ಮನ ಕಾಲಿನ ಮೂಳೆಗೆ ಅವನೇ ಕೂರಿಸಿದ್ದ ಟೈಟಾನಿಯಂ ಪ್ಲೇಟು ಮೂರನೆಯ ಸ್ಕ್ರೂ ತೂತಿನ ಹತ್ತಿರ ಎರಡು ತುಂಡಾಗಿತ್ತು. ಆ ಜಾಗ ಅವನಿಗೆ ಚೆನ್ನಾಗಿ ಗೊತ್ತು. ಮೂಳೆಯ ಬಾಗಿಗೆ ಹೊಂದಲೆಂದು ಅಲ್ಲೇ ಬಗ್ಗಿಸಿದ್ದ, ಹೆಚ್ಚಾಯಿತೆಂದು ಅಲ್ಲೇ ಹಿಂದಕ್ಕೆ ಬಗ್ಗಿಸಿದ್ದ. ಟೈಟಾನಿಯಂ ಒಂದು ಸಲ ಬಗ್ಗಿದರೆ ತಡೆಯುತ್ತದೆ, ಅದೇ ಜಾಗದಲ್ಲಿ ಎರಡನೆಯ ಸಲ ಬಗ್ಗಿಸಿದ್ದನ್ನು ಎಸೆದು ಬೇರೆಯದು ಹಾಕಬೇಕು. ಅಂದು ಅವನಿಗೆ ಅವಸರವಿತ್ತು.

"ವಿಮಾನಕ್ಕೆ ಹಾಕೋ ಲೋಹ ಅಂದಿದ್ರಲ್ಲ ಡಾಕ್ಟ್ರೇ, ಅದನ್ನೂ ಮುರ್ಕೊಂಡು ಕೂತಿದಾಳೆ ನೋಡಿ, ಎಕ್ಸ್-ರೇ ತೆಗೆದೋರೇ ಹೇಳಿದ್ರು," ಎಂದು ನಿಂಗಪ್ಪ ಹೆಂಡತಿಯನ್ನು ದುರುಗುಟ್ಟಿ ನೋಡಿದ. "ಬೇಲಿ ತಂತೀನ ಒಂದೇ ಜಾಗದಲ್ಲಿ ಹಿಂದೆ ಮುಂದೆ ಬಗ್ಸಿದ್ರೆ ತುಂಡಾಗಲ್ವಾ? ಹಂಗೇ ಆಗಿರೋದು. ಕಾಲು ಊರ್ಬೇಡ ಅಂದ್ರೂ ಊರಿದಾಳೆ."

"ಬಚ್ಚಲಿಗೆ ಹೋಗುವಾಗ ಎರಡೇ ಹೆಜ್ಜೆ," ಎಂದು ಕೆರಿಯಮ್ಮ ತಲೆ ತಗ್ಗಿಸಿದಳು.

ನಿಜ ಗೌರೀಶನ ನಾಲಿಗೆಯ ತುದಿಯವರೆಗೂ ಬಂದಿತ್ತು. ಗಂಡ ಹೆಂಡತಿ ಇಬ್ಬರೂ ಅವನ ಮುಖವನ್ನೇ ನೋಡುತ್ತಿದ್ದರು. "ಹೂಂ, ಹಾಗೇ ಆಗಿರೋದು," ಎಂದುಬಿಟ್ಟ.

ಕೆರಿಯಮ್ಮ ಕುಳಿತಲ್ಲಿಂದಲೇ ಕೈ ಮುಗಿದಳು. "ತಪ್ಪಾಯ್ತು ಡಾಕ್ಟ್ರೇ. ಸಿಟ್ಟು ಮಾಡ್ಕೊಂಡು ಬೇರೆ ಕಡೆ ಕಳಿಸ್ಬೇಡಿ. ಈ ಸಲಾನೂ ನೀವೇ ಹಾಕಿ. ಈ ಸಲ ನಾ ಮುರಿಯಲ್ಲ."

ಗೌರೀಶನ ಹೆಬ್ಬೆರಳು ಇನ್ನೂ ಮೂರನೆಯ ತೂತಿನ ಮೇಲೇ ಇತ್ತು.